ತಪ್ಪು ಯಾರದು ಅಂತ ಸಿನಿಮಾ ಹೇಳಬೇಕಿತ್ತಾ?

ಪ್ರಿಯ ಓದುಗರೇ,

ಲೆಬನಾನಿನ ಅಂತರ್ಯುದ್ಧದ ಕಥೆ ಹೇಳುವ ‘ವೆಸ್ಟ್ ಬೈರೂತ್’ (1998) ಸಿನಿಮಾ ನೋಡಿ ಧಾರವಾಡದಿಂದ ಪತ್ರ ಬರೆದಿದ್ದೀರಿ. ‘ಅಷ್ಟೊಂದು ಜನ ಸತ್ತ ಯುದ್ಧ. ಇಲ್ಲಿ ನೋಡಿದರೆ ಹುಡುಗರು ಸುಮ್ನೆ ತಮಾಷೆ ಮಾಡಿಕೊಂಡು ಓಡಾಡುತ್ತಾರೆ. ತಪ್ಪು ಯಾರದು ಅಂತ ಕೊನೆಗೂ ಹೇಳುವುದಿಲ್ಲ. ಇದು ಜಾರಿಕೊಂಡಂತೆ ಅಲ್ವಾ?’ ಎಂದು ಕೇಳಿದ್ದೀರಿ.

ನನಗೆ ಹಾಗನ್ನಿಸಿಲ್ಲ. 1975ರ ಏಪ್ರಿಲ್ 13ರಂದು ಬೈರೂತಿನಲ್ಲಿ ಕ್ರೈಸ್ತ ಫಲಾಂಜ್ ಪಕ್ಷದ ಬಂದೂಕುಧಾರಿಗಳು ಒಂದು ಬಸ್ಸಿನ ಮೇಲೆ ಗುಂಡು ಹಾರಿಸಿ 20ಕ್ಕೂ ಹೆಚ್ಚು ಜನರನ್ನು ಕೊಂದರು. ಸತ್ತವರಲ್ಲಿ ಪ್ಯಾಲೆಸ್ತೀನಿಯರೇ ಜಾಸ್ತಿ. ಚಿತ್ರ ಇದನ್ನು ಮುಚ್ಚಿಟ್ಟಿಲ್ಲ. ಕಥಾನಾಯಕ, ಮುಸ್ಲಿಂ ಹುಡುಗ ತಾರಿಕ್ ಶಾಲೆಯಿಂದಲೇ ಕಣ್ಣಾರೆ ನೋಡುತ್ತಾನೆ. ಆಮೇಲೆ ಊರು ಮುಸ್ಲಿಮರ ಪಶ್ಚಿಮ, ಕ್ರೈಸ್ತರ ಪೂರ್ವ ಅಂತ ಇಬ್ಭಾಗವಾಗುತ್ತದೆ. ಮನೆ ಪಶ್ಚಿಮದಲ್ಲಿ, ಶಾಲೆ ಪೂರ್ವದಲ್ಲಿ. ಶಾಲೆ ಇಲ್ಲ ಅಂದಮೇಲೆ ಹುಡುಗರಿಗೆ ಖುಷಿಯೇ ತಾನೆ?

ಆದರೆ ಮನೆಯೊಳಗೆ ನೋಡಿ. ವಕೀಲೆಯಾದ ತಾಯಿ ಹಾಲಾ ದೇಶ ಬಿಟ್ಟು ಹೋಗೋಣ ಅನ್ನುತ್ತಾಳೆ. ತಂದೆ ರಿಯಾದ್ ಜಪ್ಪಯ್ಯ ಅಂದರೂ ಒಪ್ಪುವುದಿಲ್ಲ. ಗೆಳೆಯ ಒಮರ್‌ನ ಅಪ್ಪನಿಗೆ ಇದ್ದಕ್ಕಿದ್ದಂತೆ ಧರ್ಮದ ಮೇಲೆ ಎಲ್ಲಿಲ್ಲದ ನಿಷ್ಠೆ ಬರುತ್ತದೆ. ಕ್ರೈಸ್ತ ಹುಡುಗಿ ಮೇ ಕೊರಳಲ್ಲಿ ಶಿಲುಬೆ ಹಾಕಿಕೊಂಡಿರುವುದು ಈಗ ಕಣ್ಣಿಗೆ ಬೀಳುತ್ತದೆ. ಹುಡುಗರು ತಮ್ಮ ಪುಟ್ಟ ಸೂಪರ್ 8 ಕ್ಯಾಮೆರಾದಲ್ಲಿ ತೆಗೆದ ರೀಲು ತೊಳೆಸಬೇಕು. ಅಂಗಡಿ ಇರುವುದು ಆ ಕಡೆ! ನಿನ್ನೆವರೆಗೆ ನಡೆದು ಹೋಗುತ್ತಿದ್ದ ಜಾಗಕ್ಕೆ ಇವತ್ತು ಹೋಗೋಕಾಗಲ್ಲ. ಒಂದು ಮನೆಗೆ ಯುದ್ಧ ಹೀಗೇ ಬಂದು ಮುಟ್ಟುವುದು. ನಿರ್ದೇಶಕ ಜಿಯಾದ್ ದುವೈರಿ ಹುಟ್ಟಿದ್ದು 1963ರಲ್ಲಿ. ಯುದ್ಧ ಶುರುವಾದಾಗ ಅವರೂ ಇಂಥದೇ ಹುಡುಗ. ತಾರಿಕ್‌ನ ಪಾತ್ರವನ್ನು ತಮ್ಮನಿಂದಲೇ ಮಾಡಿಸಿದ್ದಾರೆ.

ಇನ್ನು ತೀರ್ಪಿನ ಮಾತು. ಈ ಯುದ್ಧ 1990ರವರೆಗೆ ನಡೆಯಿತು. ಸತ್ತವರು ಸುಮಾರು ಒಂದೂವರೆ ಲಕ್ಷ ಎನ್ನುತ್ತಾರೆ. 1991ರಲ್ಲಿ ಸಂಸತ್ತು ಸಾಮೂಹಿಕ ಕ್ಷಮಾದಾನದ ಕಾನೂನು ತಂದಿತು. ಕೊಂದವರಲ್ಲಿ ಹೆಚ್ಚಿನವರು ಕೋರ್ಟಿನ ಮೆಟ್ಟಿಲು ಹತ್ತಲೇ ಇಲ್ಲ. ಕಾದಾಡಿದ ಸಶಸ್ತ್ರ ಗುಂಪುಗಳ ನಾಯಕರು ಎಷ್ಟೋ ಜನ ಮಂತ್ರಿಗಳಾದರು. ಎಲ್ಲರೂ ಒಪ್ಪುವ ಒಂದು ಇತಿಹಾಸದ ಪಠ್ಯಪುಸ್ತಕ ಬರೆಯಲು ಕೂಡ ಆ ದೇಶಕ್ಕೆ ಸಾಧ್ಯವಾಗಿಲ್ಲ. ಸರ್ಕಾರ, ಕೋರ್ಟು, ಶಾಲೆ ಎಲ್ಲವೂ ಕೈಚೆಲ್ಲಿದ ಕೆಲಸವನ್ನು ಒಂದು ಸಿನಿಮಾದ ತಲೆಗೆ ಕಟ್ಟುವುದು ನ್ಯಾಯವಲ್ಲ. ಒಂದು ಕೊರತೆಯನ್ನು ಮಾತ್ರ ನಾನೂ ಒಪ್ಪುತ್ತೇನೆ. ಪೂರ್ವ ಬೈರೂತಿನ ಮನೆಗಳ ಒಳಗೆ ಕ್ಯಾಮೆರಾ ಹೋಗುವುದೇ ಇಲ್ಲ. ಅಲ್ಲೂ ತಾಯಂದಿರು ಹೀಗೇ ಹೆದರಿ ಕೂತಿದ್ದರು.

ನಿಮಗೆ ವಾದವೇ ಬೇಕಿದ್ದರೆ ದುವೈರಿಯವರದೇ ‘ದಿ ಇನ್ಸಲ್ಟ್’ (2017) ನೋಡಿ. ಒಬ್ಬ ಲೆಬನಾನಿ ಕ್ರೈಸ್ತ, ಒಬ್ಬ ಪ್ಯಾಲೆಸ್ತೀನಿ. ಬಾಲ್ಕನಿಯ ನೀರಿನ ಪೈಪಿಗೆ ಹುಟ್ಟಿದ ಜಗಳ ಕೋರ್ಟಿಗೆ ಹೋಗಿ, 1976ರಲ್ಲಿ ದಾಮೂರ್ ಎಂಬ ಊರಿನಲ್ಲಿ ನಡೆದ ಕ್ರೈಸ್ತರ ಹತ್ಯಾಕಾಂಡದವರೆಗೆ ಎಳೆಯುತ್ತದೆ. ಅಲ್ಲಿ ಎರಡೂ ಕಡೆಯ ವಕೀಲರು ನೀವು ಕೇಳಿದ ಪ್ರಶ್ನೆಯನ್ನೇ ಎತ್ತುತ್ತಾರೆ. ನೋಡಿದ ಮೇಲೆ ಮತ್ತೆ ಬರೆಯಿರಿ.

– ಸಂ.