ಹಪ್ಪಳಕ್ಕೆ ಹಾಕಿದ ಮೆಣಸು ಎಲ್ಲಿಯದು?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಬೆಂಗಳೂರಿನಲ್ಲಿ ಕೆಲಸ, ಅಜ್ಜನ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ. ಊರಿನ ರೈತರಿಂದ ವಿಷ ಹಾಕದ ಬೆಳೆ ತಗೊಂಡು ಪ್ಯಾಕ್ ಮಾಡಿ ಮಾರಬೇಕು ಅಂತ ಆಸೆ. ಈ ‘ರೀಜನರೇಟಿವ್’ ಕೃಷಿ ನಿಜಕ್ಕೂ ನಡೆಯುತ್ತದಾ ಅಥವಾ ಬರೀ ಲೇಬಲ್ಲಾ, ಸರ್ಟಿಫಿಕೇಟ್ ಬೇಕಾ, ರೈತರಿಗೆ ಅನ್ಯಾಯ ಆಗದ ಹಾಗೆ ವ್ಯಾಪಾರ ಮಾಡುವುದು ಹೇಗೆ, ಎಷ್ಟು ಬಂಡವಾಳ ಬೇಕು ಅಂತ ಕೇಳಿದ್ದೀರಿ.

ನಾನು ಅದೇ ಜಿಲ್ಲೆಯ ಪೆರ್ಲದ ಹತ್ತಿರದವಳು. ಎರಡು ಎಕರೆ ಅಡಿಕೆ ತೋಟ, ಅಂಚಿನಲ್ಲಿ ತೆಂಗು, ಹಲಸು. ಏಳು ವರ್ಷದಿಂದ ಸುತ್ತಲಿನ ಒಂಬತ್ತು ಮನೆಯವರು ಸೇರಿ ಹಲಸಿನ ಹಪ್ಪಳ, ಒಣಗಿಸಿದ ಪುನರ್ಪುಳಿ (ಕೋಕಂ), ತೆಂಗಿನೆಣ್ಣೆ ಮಾಡಿ ಮಾರುತ್ತಿದ್ದೇವೆ. ವ್ಯಾಪಾರ ಸಣ್ಣದು. ತಪ್ಪು ಮಾತ್ರ ಧಾರಾಳ ಮಾಡಿದ್ದೇವೆ.

ದೊಡ್ಡ ತಪ್ಪಿನಿಂದಲೇ ಶುರು ಮಾಡುತ್ತೇನೆ. ಮೊದಲ ವರ್ಷವೇ ಹಪ್ಪಳದ ಪ್ಯಾಕೆಟ್ ಮೇಲೆ ‘ಸಂಪೂರ್ಣ ವಿಷಮುಕ್ತ’ ಅಂತ ಅಚ್ಚು ಹಾಕಿಸಿದೆವು. ಮಂಗಳೂರಿನ ಒಂದು ಸಂತೆಯಲ್ಲಿ ಕೂತಿದ್ದಾಗ ವಯಸ್ಸಾದ ಅಮ್ಮ ಒಬ್ಬರು ಪ್ಯಾಕೆಟ್ ತಿರುಗಿಸಿ, ಕನ್ನಡಕ ಏರಿಸಿ ಓದಿದರು. ‘ಹಲಸು ನಿಮ್ಮದು, ಸರಿ. ಮೆಣಸು ಎಲ್ಲಿಯದು ಮಗಾ?’ ಅಂತ ಕೇಳಿದರು. ನನಗೆ ಬಾಯಿ ಬರಲಿಲ್ಲ. ಮೆಣಸು ಪೇಟೆ ಅಂಗಡಿಯದು. ನಮ್ಮಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಮಳೆ ಬರುತ್ತದೆ. ಒಣಮೆಣಸು ಘಟ್ಟದ ಮೇಲಿಂದಲೇ ಬರಬೇಕು. ಆ ಗಿಡಕ್ಕೆ ಎಷ್ಟು ಸಲ ಮದ್ದು ಹೊಡೆದಿದ್ದಾರೋ ನಾವು ಯಾರನ್ನೂ ಕೇಳಿರಲಿಲ್ಲ. ಕೊತ್ತಂಬರಿ, ಜೀರಿಗೆಯದೂ ಅದೇ ಕತೆ. ಇನ್ನು ಹಲಸಿಗೆ? ಹಲಸಿಗೆ ಇಲ್ಲಿ ಯಾರೂ ಯಾವತ್ತೂ ಮದ್ದು ಬಿಟ್ಟವರಲ್ಲ. ಮದ್ದೇ ಬೀಳದ ಕಾಯಿಯನ್ನು ತೋರಿಸಿ ಬೀಗಿದ್ದೆವು, ಬಿದ್ದಿರಬಹುದಾದ ಮೆಣಸಿನ ಬಗ್ಗೆ ಸುಮ್ಮನಿದ್ದೆವು.

ನಮ್ಮ ಊರಿನವರು ‘ವಿಷಮುಕ್ತ’ ಅನ್ನುವ ಪದವನ್ನು ಅಷ್ಟು ಸಲೀಸಾಗಿ ಬಳಸಲೇಬಾರದಿತ್ತು. ನಿಮಗೆ ಗೊತ್ತಿರುತ್ತದೆ, ಇಲ್ಲಿನ ಗುಡ್ಡೆಗಳ ಗೇರು ತೋಟದ ಮೇಲೆ 1970ರ ದಶಕದ ಕೊನೆಯಿಂದ 2000ದ ವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದರು. ಗೇರಿನ ಚಿಗುರು ಹೀರುವ ಟೀ ಸೊಳ್ಳೆ ಅನ್ನುವ ಕೀಟಕ್ಕೆ ಅಂತ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಮುಳಿಯಾರು ಕಡೆ ಕೆಲವು ಮನೆಗಳಲ್ಲಿ ಇವತ್ತಿಗೂ ಹಾಸಿಗೆ ಬಿಟ್ಟು ಏಳಲಾಗದ ಮಕ್ಕಳಿದ್ದಾರೆ. ಮಕ್ಕಳು ಅಂತ ಅಭ್ಯಾಸದಿಂದ ಹೇಳಿದೆ, ಅವರಿಗೆ ಈಗ ಮೂವತ್ತು ದಾಟಿದೆ. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೇ ಆ ಔಷಧಿಯನ್ನು ನಿಲ್ಲಿಸಿತು. ಅಂಥ ಊರಿನಿಂದ ಹೊರಡುವ ಪ್ಯಾಕೆಟ್ ಮೇಲೆ ‘ವಿಷಮುಕ್ತ’ ಅಂತ ಬರೆದರೆ ಅದಕ್ಕೆ ತೂಕ ಜಾಸ್ತಿ. ಉಳಿದ ಪ್ಯಾಕೆಟ್‌ಗಳ ಮೇಲೆ ಸ್ಟಿಕ್ಕರ್ ಅಂಟಿಸಿ ಆ ಸಾಲನ್ನು ಮುಚ್ಚಿದೆವು.

ಈಗ ನಿಮ್ಮ ಮೊದಲ ಪ್ರಶ್ನೆಗೆ ಬರುತ್ತೇನೆ. ಮಣ್ಣು ಇದ್ದ ಹಾಗೆ ಉಳಿದರೆ ಸಾಕು ಅನ್ನುವುದು ಸಸ್ಟೈನಬಲ್. ಇದ್ದದ್ದಕ್ಕಿಂತ ಮೇಲಾಗಬೇಕು ಅನ್ನುವುದು ರೀಜನರೇಟಿವ್. ಕೇಳಲು ಹೊಸದು, ಮಾಡುವ ಕೆಲಸದಲ್ಲಿ ಅರ್ಧ ನಮ್ಮ ಅಜ್ಜಂದಿರದ್ದೇ. ಗುಡ್ಡೆಯಿಂದ ಸೊಪ್ಪು ತಂದು ದನದ ಹಟ್ಟಿಗೆ ಹಾಕುವುದು, ಹಟ್ಟಿ ಗೊಬ್ಬರ ತೋಟಕ್ಕೆ, ಬೂದಿ ತೆಂಗಿನ ಬುಡಕ್ಕೆ. ನಡುವೆ ಒಂದು ತಲೆಮಾರು ರಾಸಾಯನಿಕ ಗೊಬ್ಬರದ ಚೀಲ ಬಿಚ್ಚಿ ಎಸೆದು ನೆಲ ಗುಡಿಸಿದ ಹಾಗೆ ಇಟ್ಟಿತು. ನಮ್ಮ ಮಾವನಿಗೆ ತೋಟ ಅಂದರೆ ಅಂಗಳದ ಹಾಗೆ ಕಾಣಬೇಕು. ಬಿದ್ದ ಅಡಿಕೆ ಗರಿ, ಅಂದರೆ ಸೋಗೆಯೆಲ್ಲ ಬಚ್ಚಲ ಒಲೆಗೆ ಹೋಗುತ್ತಿತ್ತು.

ನಾವು ಮಾಡಿದ್ದು ತುಂಬ ಸರಳ. ಸೋಗೆಯನ್ನು ಕಡಿದು ಬುಡಕ್ಕೇ ಹಾಕಿದೆವು. ಬೇಲಿಗೆ ಗೊಬ್ಬರದ ಗಿಡ, ಅಂದರೆ ಗ್ಲಿರಿಸಿಡಿಯಾ ನೆಟ್ಟು ವರ್ಷಕ್ಕೆ ಮೂರು ಸಲ ಸವರಿ ಅದರ ಸೊಪ್ಪನ್ನೂ ಹಾಕುತ್ತೇವೆ. ತೆಂಗಿನ ಮಡಲನ್ನು (ಗರಿಯನ್ನು) ಎರೆಹುಳಕ್ಕೆ ಹಾಕಿ ಗೊಬ್ಬರ ಮಾಡುವುದನ್ನು ಕಾಸರಗೋಡಿನ ಸಿಪಿಸಿಆರ್‌ಐಯವರ ವಿಧಾನ ನೋಡಿ ಕಲಿತೆವು. 1916ರಲ್ಲಿ ತೆಂಗಿನ ಸಂಶೋಧನೆಗೆ ಅಂತ ಶುರುವಾದ ಕೇಂದ್ರ ಅದು, ನಿಮ್ಮ ಅಜ್ಜನ ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ, ಒಮ್ಮೆ ಹೋಗಿ. ಹಟ್ಟಿಯಲ್ಲಿ ಎರಡು ಕಾಸರಗೋಡು ಗಿಡ್ಡ ತಳಿಯ ಹಸು ಇವೆ. ಹಾಲು ಚಹಾಕ್ಕೆ ಆಗುವಷ್ಟು, ಸೆಗಣಿ ತೋಟಕ್ಕೆ ಬೇಕಾದಷ್ಟು. ಎರಡು ವರ್ಷಕ್ಕೊಮ್ಮೆ ಸುಣ್ಣವನ್ನೂ ಹಾಕುತ್ತೇವೆ. ನಮ್ಮದು ಮುರಕಲ್ಲಿನ ಹುಳಿ ಮಣ್ಣು, ಮಳೆಗೆ ಸತ್ವ ತೊಳೆದು ಹೋಗುತ್ತದೆ. ಸುಣ್ಣ ಅಂದ ಕೂಡಲೇ ‘ಅಯ್ಯೋ ಕೆಮಿಕಲ್’ ಅನ್ನುವವರಿದ್ದಾರೆ. ಅವರ ಮಾತಿಗೆ ತಲೆ ಕೆಡಿಸಿಕೊಳ್ಳಬೇಡಿ.

ಫಲ ನೋಡಬೇಕಾದರೆ ಏಪ್ರಿಲ್ ತಿಂಗಳಲ್ಲಿ ಮಧ್ಯಾಹ್ನ ತೋಟಕ್ಕೆ ಹೋಗಿ, ಸೋಗೆ ಎತ್ತಿ, ಕೈ ಒಳಗೆ ಹಾಕಿ. ನಮ್ಮಲ್ಲಿ ಈಗ ತಣ್ಣಗಿರುತ್ತದೆ, ಎರೆಹುಳದ ಹಿಕ್ಕೆ ಸಾಬಕ್ಕಿಯ ಹಾಗೆ ಕೈಗೆ ಸಿಗುತ್ತದೆ, ಬೆರಳು ಎರಡು ಗೆಣ್ಣು ಸಲೀಸಾಗಿ ಇಳಿಯುತ್ತದೆ. ಮುಂಚೆ ಅದೇ ಜಾಗದಲ್ಲಿ ಹಾರೆ ಹಾಕಿದರೆ ಟಣ್ ಅನ್ನುತ್ತಿತ್ತು. ಮನೆ ಹಿಂದೆ ನೀರಿಗಾಗಿ ಗುಡ್ಡೆಗೆ ಅಡ್ಡಕ್ಕೆ ಕೊರೆದ ಸುರಂಗದ ನೀರೂ ಈಗ ಬೇಸಿಗೆಯಲ್ಲಿ ಸ್ವಲ್ಪ ಜಾಸ್ತಿ ದಿನ ಹರಿಯುತ್ತದೆ. ಅದರ ಪುಣ್ಯವನ್ನೆಲ್ಲ ಸೋಗೆಗೆ ಕೊಡಬೇಡಿ, ಮೇಲಿನ ಗುಡ್ಡೆಯಲ್ಲಿ ಇಂಗುಗುಂಡಿ ತೋಡಿದ್ದೂ ಇದೆ.

ಆದರೆ ಇದನ್ನೂ ಕೇಳಿ. ರಾಸಾಯನಿಕ ಗೊಬ್ಬರ ನಿಲ್ಲಿಸಿದ ಮೊದಲ ಎರಡು ವರ್ಷ ಅಡಿಕೆ ಇಳಿಯಿತು. 18 ಕ್ವಿಂಟಾಲ್ ಆಗುತ್ತಿದ್ದದ್ದು 13ಕ್ಕೆ ಬಂತು. ಮಾವ ಮಾತಾಡುವುದನ್ನೇ ಬಿಟ್ಟರು. ಮೂರನೇ ವರ್ಷ ಸ್ವಲ್ಪ ಏರಿತು, ಈಗ 17ರ ಹತ್ತಿರ ಇದೆ. ಖರ್ಚು ಕಡಿಮೆಯಾದ್ದರಿಂದ ಕೈಗೆ ಸಿಗುವುದು ಜಾಸ್ತಿಯೇ. ಆದರೆ ಆ ಎರಡು ವರ್ಷ ನಾವು ತಡೆದುಕೊಂಡದ್ದು ಮನೆಯವರಿಗೆ ಬ್ಯಾಂಕಿನಲ್ಲಿ ಸಂಬಳ ಬರುತ್ತಿದ್ದ ಕಾರಣ. ಪಕ್ಕದ ಮನೆಯವರಿಗೆ ಅದು ಇರಲಿಲ್ಲ. ಅವರು ಒಂದು ವರ್ಷ ಮಾಡಿ ಬಿಟ್ಟರು. ನಾನು ಅವರನ್ನು ದೂರುವುದಿಲ್ಲ.

ನೀವು ಕೇಳಬೇಕಿದ್ದ ಪ್ರಶ್ನೆ ಇಲ್ಲಿದೆ ನೋಡಿ. ಮಣ್ಣು ಸುಧಾರಿಸಲು ಮೂರು ವರ್ಷ ಬೇಕು, ಆ ಮೂರು ವರ್ಷದ ನಷ್ಟ ಯಾರದ್ದು? ವ್ಯಾಪಾರ ಮಾಡುವವನು ನಾಲ್ಕನೇ ವರ್ಷ ಬಂದು ಒಳ್ಳೆ ಮಾಲು ಆರಿಸಿ ಫೋಟೋ ತೆಗೆದುಕೊಂಡು ಹೋದರೆ ಅದು ಜವಾಬ್ದಾರಿಯ ವ್ಯಾಪಾರ ಹೇಗಾಗುತ್ತದೆ?

ಮೂರು ವರ್ಷ ದಾಟಿಸುವುದಕ್ಕೆ ನಮಗೆ ಸಿಕ್ಕ ದಾರಿ ಹಲಸು. ಅಡಿಕೆ ತೋಟದ ಅಂಚಿನಲ್ಲಿ ನಾಲ್ಕೈದು ಹಲಸಿನ ಮರ ಎಲ್ಲರಲ್ಲೂ ಇದೆ. 2018ರಲ್ಲಿ ಕೇರಳ ಸರ್ಕಾರ ಅದನ್ನು ರಾಜ್ಯದ ಹಣ್ಣು ಅಂತ ಘೋಷಿಸಿತು, ಆದರೂ ಮೇ ತಿಂಗಳಲ್ಲಿ ಬಿದ್ದು ಕೊಳೆಯುವುದೇ ಜಾಸ್ತಿ. ಮರದ ವ್ಯಾಪಾರಿ ಬಂದರೆ ಕಡಿದು ಕೊಡುತ್ತಿದ್ದರು. ಅದೇ ಕಾಯಿಗೆ ದುಡ್ಡು ಬರುತ್ತದೆ ಅಂದಾಗ ಮರ ಉಳಿಯಿತು. ಮರ ಉಳಿದರೆ ಎಲೆ ಉಳಿಯುತ್ತದೆ, ನೆರಳು ಉಳಿಯುತ್ತದೆ, ಬೇರು ಹಿಡಿದ ದರೆ ಕುಸಿಯುವುದಿಲ್ಲ. ಪುನರ್ಪುಳಿಯೂ ಹಾಗೇ. ಆದ್ದರಿಂದ ಊರಿನಿಂದ ಅಡಿಕೆ, ಕಾಳುಮೆಣಸು ಮಾತ್ರ ಎತ್ತಿಕೊಂಡು ಹೋಗಬೇಡಿ. ಯಾರೂ ಕೇಳದ್ದನ್ನು ಕೇಳಿ. ಗುಜ್ಜೆ (ಎಳೆ ಹಲಸು), ಹಲಸಿನ ಬೀಜ, ಅರಿಶಿನ, ಕೆಸು ಕೊಳ್ಳುವವರು ಇದ್ದರೆ ಅಡಿಕೆಯ ನಡುವೆ ಅವೂ ಬರುತ್ತವೆ. ಭತ್ತದ ವಿಷಯದಲ್ಲಿ ನಮ್ಮ ಜಿಲ್ಲೆಯಲ್ಲೇ ದೊಡ್ಡ ಉದಾಹರಣೆ ಇದೆ. ರಾಜಕಯಮೆ ಸೇರಿ 650ಕ್ಕೂ ಹೆಚ್ಚು ತಳಿ ಉಳಿಸಿದ ಸತ್ಯನಾರಾಯಣ ಬೆಳೇರಿಯವರಿಗೆ 2024ರಲ್ಲಿ ಪದ್ಮಶ್ರೀ ಬಂತು. ತಳಿ ಉಳಿಸುವವರು ಉಳಿಸಿದ್ದಾರೆ, ಅಕ್ಕಿ ಕೊಳ್ಳುವವರು ಬೇಕು ಅಷ್ಟೆ.

ಕಾಳುಮೆಣಸು ಅಂದಾಗ ನೆನಪಾಯಿತು, ಒಂದು ಎಚ್ಚರಿಕೆ. ಇಲ್ಲಿ ಬಳ್ಳಿ ಹಬ್ಬುವುದು ಅಡಿಕೆ ಮರಕ್ಕೆ. ಅಡಿಕೆಗೆ ಕೊಳೆರೋಗ ಬಾರದಿರಲು ಮಳೆಗೆ ಮುಂಚೆ ಬೋರ್ಡೋ ಬಿಡುತ್ತಾರೆ, 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. 40–45 ದಿನ ಬಿಟ್ಟು ಇನ್ನೊಮ್ಮೆ. ಅದು ಕೆಳಗಿನ ಬಳ್ಳಿ, ಬಾಳೆ ಎಲ್ಲದರ ಮೇಲೂ ಬೀಳುತ್ತದೆ. ಸಾವಯವ ನಿಯಮದಲ್ಲಿ ತಾಮ್ರಕ್ಕೆ ಮಿತಿಯೊಳಗೆ ಅವಕಾಶ ಇದೆ, ನಾವೂ ಬಿಡುತ್ತೇವೆ. ಬಿಡದೆ ಒಂದು ಆಟಿ, ಅಂದರೆ ಜೋರು ಮಳೆಯ ತಿಂಗಳು, ಕಳೆದು ನೋಡಿದವರಿಗೆ ಯಾಕೆ ಅಂತ ಗೊತ್ತು, ತೋಟದ ತುಂಬ ಕಾಯಿ ಉದುರಿ ನಾರುತ್ತದೆ. ಆದರೆ ‘ಏನೂ ಸಿಂಪಡಿಸಿಲ್ಲ’ ಅಂತ ಪ್ಯಾಕೆಟ್ ಮೇಲೆ ಬರೆದರೆ ಸುಳ್ಳು. ಬೋರ್ಡೋ ಬಿಟ್ಟಿದ್ದೇವೆ ಅಂತಲೇ ಬರೆಯಿರಿ. ಒಂದಿಬ್ಬರು ಗಿರಾಕಿ ಹೋಗುತ್ತಾರೆ, ಹೋಗಲಿ.

ಇನ್ನು ಕೊಳ್ಳುವ ಕ್ರಮ. ನಾವು ಶಿವರಾತ್ರಿ ಹೊತ್ತಿಗೆ ಎಲ್ಲರೂ ಕೂತು ರೇಟು ಹಾಕುತ್ತೇವೆ. ಕಾಯಿಗೆ ಎಷ್ಟು, ಸೊಳೆ ಬಿಡಿಸಿ ಒತ್ತಿ ಒಣಗಿಸುವವರಿಗೆ ನೂರು ಹಪ್ಪಳಕ್ಕೆ ಎಷ್ಟು, ಎರಡೂ ಬೇರೆ. ಮೊದಲ ವರ್ಷ ಎರಡನ್ನೂ ಒಟ್ಟು ಮಾಡಿ ಮನೆಯ ಯಜಮಾನನ ಕೈಗೆ ಕೊಟ್ಟೆವು. ಹಿಟ್ಟು ಕುಟ್ಟಿ, ಮೇಣ ಮೆತ್ತಿಕೊಂಡು, ಬಿಸಿಲಲ್ಲಿ ಕೂತವರು ಹೆಂಗಸರು, ದುಡ್ಡು ಹೋದದ್ದು ಬೇರೆ ಕಿಸೆಗೆ. ಈಗ ಒತ್ತಿದವರ ಖಾತೆಗೇ ಹಾಕುತ್ತೇವೆ. ಇದರಿಂದ ಒಂದಿಬ್ಬರು ಗಂಡಸರಿಗೆ ಮುಖ ದಪ್ಪ ಆಯಿತು. ಆಗಲಿ.

ನಷ್ಟದ ಲೆಕ್ಕವನ್ನೂ ಮೊದಲೇ ಮಾತಾಡಿಕೊಳ್ಳಿ. ಮೂರು ವರ್ಷ ಹಿಂದೆ ಮೇ ತಿಂಗಳಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಬಿಸಿಲು ಚೆನ್ನಾಗಿತ್ತು. ಅಂಗಳದಲ್ಲಿ, ಹಟ್ಟಿ ಮಾಡಿನ ಮೇಲೆ, ಎಲ್ಲ ಕಡೆ ಚಾಪೆ. ಎರಡೂವರೆಗೆ ಮೋಡ ಇಲ್ಲದ ಕಡೆಯಿಂದ ಗುಡುಗು. ಅತ್ತೆ, ನಾನು, ಟ್ಯೂಷನ್ನಿಗೆ ಹೊರಟಿದ್ದ ಮಗಳು, ಎಲ್ಲರೂ ಓಡಿ ಎಳೆದರೂ ಅರ್ಧ ನೆನೆಯಿತು. ಮೂರು ದಿನದಲ್ಲಿ ಬೂಸಲು. 600 ಹಪ್ಪಳ ಹಸುವಿಗೂ ಆಗದೆ ಗೊಬ್ಬರದ ಗುಂಡಿಗೆ ಹೋಯಿತು. ಆ ಸಲ ಒತ್ತಿದವರಿಗೆ ಪೂರ್ತಿ ಕೂಲಿ ಕೊಟ್ಟೆವು, ಕಾಯಿಯ ದುಡ್ಡನ್ನು ಅರ್ಧ ಮರದವರು ಬಿಟ್ಟರು, ಅರ್ಧ ನಾವು ಹಾಕಿದೆವು. ಆಮೇಲೆ ಸಾಲ ಮಾಡಿ ಡ್ರೈಯರ್ ತಂದೆವು.

ನಗರದ ಅಂಗಡಿಗಳ ಬಗ್ಗೆ ಒಂದು ಮಾತು. ‘ರೈತಸ್ನೇಹಿ’ ಅಂತ ದೊಡ್ಡ ಬೋರ್ಡ್ ಇರುವ ಒಂದು ಅಂಗಡಿಯವರು ಹಪ್ಪಳ ಎಲ್ಲ ಒಂದೇ ಬಣ್ಣ ಇಲ್ಲ ಅಂತ ಎರಡು ಪೆಟ್ಟಿಗೆ ವಾಪಸ್ ಕಳಿಸಿದರು. ಒಂದು ಮರದ ಸೊಳೆ ಬಿಳಿ, ಇನ್ನೊಂದರದ್ದು ಹಳದಿ, ಏನು ಮಾಡುವುದು? ಉಳಿದ ಮಾಲಿನ ದುಡ್ಡು ಬರಲು ನಾಲ್ಕು ತಿಂಗಳು. ಅಷ್ಟರಲ್ಲಿ ಶಾಲೆ ಶುರುವಾಗಿ ಒತ್ತಿದವರೆಲ್ಲ ಪುಸ್ತಕಕ್ಕೆ ಸಾಲ ಮಾಡಿದ್ದರು. ನೀವು ಅಂಥವರಾಗಬೇಡಿ. ಹೇಳಿದ ತಾರೀಕಿಗೆ ದುಡ್ಡು ಹಾಕಿ. ಊರಿನಲ್ಲಿ ನಿಮ್ಮ ಹೆಸರು ಉಳಿಯುವುದೂ ಕೆಡುವುದೂ ಅದರಿಂದ.

ಸರ್ಟಿಫಿಕೇಟ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಹೊರದೇಶಕ್ಕೆ ಕಳಿಸುವುದಾದರೆ ಕೇಂದ್ರ ಸರ್ಕಾರದ ಸಾವಯವ ಪ್ರಮಾಣಪತ್ರ ವ್ಯವಸ್ಥೆಯಾದ ಎನ್‌ಪಿಒಪಿ ಬೇಕು, ಹೊರಗಿನ ಸಂಸ್ಥೆ ಬಂದು ತಪಾಸಣೆ ಮಾಡುತ್ತದೆ, ಅಡಿಕೆ ತೆಂಗಿನಂಥ ಬೆಳೆಗೆ ಸಾಮಾನ್ಯವಾಗಿ 3 ವರ್ಷ ಕಾಯಬೇಕು, ಖರ್ಚೂ ಇದೆ. ದೇಶದೊಳಗೆ ಮಾರುವುದಕ್ಕೆ ಪಿಜಿಎಸ್ ಸಾಕು. ಕನಿಷ್ಠ ಐದು ಜನ ರೈತರು ಗುಂಪು ಮಾಡಿಕೊಂಡು ಒಬ್ಬರ ತೋಟವನ್ನು ಇನ್ನೊಬ್ಬರು ನೋಡುವ ಪದ್ಧತಿ ಅದು. ನಮಗೆ ಅದರಿಂದ ಕಾಗದಕ್ಕಿಂತ ಜಾಸ್ತಿ ಲಾಭ ಆದದ್ದು ಆ ತೋಟ ಸುತ್ತುವ ನೆಪ. ಚಹಾ ಕುಡಿಯುತ್ತಾ ‘ಈ ಮೂಲೆಯಲ್ಲಿ ಕಳೆ ಯಾಕೆ ಸುಟ್ಟ ಹಾಗಿದೆ?’ ಅಂತ ನೆರೆಯವನು ಕೇಳಿದರೆ ಇನ್‌ಸ್ಪೆಕ್ಟರ್‌ಗೆ ಹೇಳಿದ ಹಾಗೆ ಸುಳ್ಳು ಹೇಳಲು ಆಗುವುದಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್ಎಸ್ಎಸ್ಎಐ) ನೋಂದಣಿ ಮಾತ್ರ ಎಷ್ಟು ಸಣ್ಣ ವ್ಯಾಪಾರಕ್ಕೂ ಮಾಡಿಸಿ.

ಬಂಡವಾಳ: ನಾವು ಮೊದಲ ವರ್ಷ ಹಾಕಿದ್ದು 85 ಸಾವಿರ. ಅದರಲ್ಲಿ 40 ಸಾವಿರ ಮನೆಗಳಿಗೆ ಮುಂಗಡ, 20 ಸಾವಿರ ಪ್ಯಾಕೆಟ್ ಅಚ್ಚಿಗೆ. ಆ ಅಚ್ಚಿನ ಗತಿ ಏನಾಯಿತು ಅಂತ ಆಗಲೇ ಹೇಳಿದೆ. ನೀವು ಒಂದೇ ಪದಾರ್ಥದಿಂದ ಶುರು ಮಾಡಿ. ರಜೆ ಹಾಕಿ ಮಾರ್ಚಿಯಿಂದ ಮೇ ವರೆಗೆ ಅಜ್ಜನ ಮನೆಯಲ್ಲೇ ಇರಿ. ಲೋಗೋ ಆಮೇಲೆ ಮಾಡಿಸಬಹುದು.

ಆ ಮೆಣಸಿನ ವಿಷಯ. ಎರಡು ವರ್ಷದಿಂದ ಹಿತ್ತಿಲಲ್ಲಿ ಬೆಳೆದ ಗಾಂಧಾರಿ ಮೆಣಸು ಹಾಕಿ ಒಂದಷ್ಟು ಹಪ್ಪಳ ಮಾಡುತ್ತಿದ್ದೇವೆ. ಅತ್ತೆಗೆ ಭಾರಿ ಇಷ್ಟ. ಬೆಂಗಳೂರಿಗೆ ಕಳಿಸಿದ್ದಕ್ಕೆ ‘ಮಕ್ಕಳು ಮುಟ್ಟುತ್ತಿಲ್ಲ, ಖಾರ’ ಅಂತ ಫೋನ್ ಬಂತು. ಹಾಗಾಗಿ ಮಾಮೂಲಿ ಹಪ್ಪಳದ ಪ್ಯಾಕೆಟ್ ಹಿಂದೆ ಈಗಲೂ ಒಂದು ಸಾಲು ಇದೆ: ‘ಹಲಸು, ಉಪ್ಪು ಹಾಕಿ ಒತ್ತಿದವರು ನಾವು. ಒಣಮೆಣಸು, ಕೊತ್ತಂಬರಿ, ಜೀರಿಗೆ ಪೇಟೆಯದು.’