ಮ್ಯಾಂಟಲ್ ಸೆಲ್ ಲಿಂಫೋಮಾ: ‘ಮೂರ್ನಾಲ್ಕು ವರ್ಷ’ ಎಂಬ ಮಾತು ಎಷ್ಟು ನಿಜ?

ಪ್ರಶ್ನೆ: ನಮ್ಮ ತಂದೆಯವರಿಗೆ 68 ವರ್ಷ. ಒಕ್ಕಲುತನ ಮಾಡುವವರು, ಈಗಲೂ ದಿನಾ ಹೊಲಕ್ಕೆ ಹೋಗಿಬರುತ್ತಾರೆ. ಕುತ್ತಿಗೆಯಲ್ಲಿ ಅಡಿಕೆ ಗಾತ್ರದ ಗಂಟುಗಳಾಗಿ, ಹುಬ್ಬಳ್ಳಿಯಲ್ಲಿ ಬಯಾಪ್ಸಿ ಮಾಡಿಸಿದಾಗ ‘ಮ್ಯಾಂಟಲ್ ಸೆಲ್ ಲಿಂಫೋಮಾ, ನಾಲ್ಕನೆಯ ಹಂತ’ ಎಂದು ವರದಿ ಬಂತು. ಈ ಕಾಯಿಲೆಯವರು ಮೂರ್ನಾಲ್ಕು ವರ್ಷಕ್ಕಿಂತ ಹೆಚ್ಚು ಬದುಕುವುದಿಲ್ಲವೆಂದು ಬಂಧುಗಳೊಬ್ಬರು ಮೊಬೈಲಿನಲ್ಲಿ ಓದಿ ಹೇಳಿದ್ದಾರೆ. ಕಿಮೊಥೆರಪಿಯ ತ್ರಾಸು ಕೊಡುವುದಕ್ಕಿಂತ ಸುಮ್ಮನಿರುವುದೇ ಲೇಸೇ?
– ಓದುಗರು, ರೋಣ, ಗದಗ ಜಿಲ್ಲೆ

ಉತ್ತರ: ದಯವಿಟ್ಟು ಸುಮ್ಮನಿರಬೇಡಿ. ಮ್ಯಾಂಟಲ್ ಸೆಲ್ ಲಿಂಫೋಮಾ ಎಂದರೆ ದುಗ್ಧಗ್ರಂಥಿಗಳಲ್ಲಿರುವ ಒಂದು ಬಗೆಯ ಬಿಳಿ ರಕ್ತಕಣಗಳ ಕ್ಯಾನ್ಸರ್. ನಿಮ್ಮ ಬಂಧುಗಳು ಓದಿದ ಲೆಕ್ಕ, ಲಿಂಫೋಮಾದ ಕಣಗಳನ್ನೇ ಗುರಿಯಾಗಿಸುವ ರಿಟುಕ್ಸಿಮ್ಯಾಬ್ ಎಂಬ ಔಷಧ ಬಳಕೆಗೆ ಬರುವ ಮುಂಚಿನ ಕಾಲದ್ದು. ಅಂದೂ ಅದು ಅರ್ಧದಷ್ಟು ರೋಗಿಗಳು ದಾಟಿದ್ದ ಅವಧಿಯೇ ಹೊರತು ಯಾರೊಬ್ಬರ ಆಯುಷ್ಯದ ಗಡುವಾಗಿರಲಿಲ್ಲ.

‘ನಾಲ್ಕನೆಯ ಹಂತ’ ಎಂಬುದಕ್ಕೂ ಎದೆಗುಂದಬೇಕಿಲ್ಲ. ಈ ಲಿಂಫೋಮಾ ಪತ್ತೆಯಾಗುವ ಹೊತ್ತಿಗೆ ಹೆಚ್ಚಿನವರಲ್ಲಿ ಅಸ್ಥಿಮಜ್ಜೆಯನ್ನೋ ಕರುಳನ್ನೋ ತಲುಪಿರುತ್ತದೆ. ಬಾಯಿ ಅಥವಾ ಸ್ತನದ ಕ್ಯಾನ್ಸರಿನ ನಾಲ್ಕನೆಯ ಹಂತಕ್ಕೆ ಇರುವ ಅರ್ಥ ಇಲ್ಲಿಲ್ಲ. ಮುಂದಿನ ದಾರಿಯನ್ನು ಹೆಚ್ಚಾಗಿ ತಿಳಿಸುವುದು ಬಯಾಪ್ಸಿ ವರದಿಯ ಕೆಳಭಾಗದ ಸಾಲುಗಳು. ಅಲ್ಲಿ ಕೆಐ-67 (ಕ್ಯಾನ್ಸರ್ ಕಣಗಳಲ್ಲಿ ಎಷ್ಟು ಪಾಲು ವಿಭಜನೆಯಾಗುತ್ತಿವೆ ಎಂಬುದರ ಅಳತೆ) ಪ್ರಮಾಣ ಶೇ 30ಕ್ಕಿಂತ ಕಡಿಮೆಯಿದ್ದರೆ ರೋಗದ ಬೆಳವಣಿಗೆ ನಿಧಾನವೆಂದು ತಿಳಿಯಬಹುದು. ‘ಬ್ಲಾಸ್ಟಾಯ್ಡ್’ (ಎಳೆಯ ಕಣಗಳಂತೆ ಕಾಣುವ ಬಗೆ) ಎಂದಿದ್ದರೆ ಅಥವಾ ಟಿಪಿ53 ಜೀನಿನಲ್ಲಿ ದೋಷವಿದ್ದರೆ ರೋಗ ಚುರುಕಾಗಿರುತ್ತದೆ, ಸಾಮಾನ್ಯ ಕಿಮೊಥೆರಪಿಗೆ ಅಷ್ಟಾಗಿ ಬಗ್ಗುವುದಿಲ್ಲ. ಟಿಪಿ53 ಪರೀಕ್ಷೆ ಆಗಿರದಿದ್ದರೆ ಚಿಕಿತ್ಸೆಗೆ ಮುಂಚೆಯೇ ಕೇಳಿ ಮಾಡಿಸಿ. ಇವುಗಳ ಜೊತೆಗೆ ವಯಸ್ಸು, ರಕ್ತದಲ್ಲಿನ ಎಲ್‌ಡಿಎಚ್ ಎಂಬ ಕಿಣ್ವದ ಮಟ್ಟ, ಬಿಳಿ ರಕ್ತಕಣಗಳ ಸಂಖ್ಯೆ ಮತ್ತು ರೋಗಿಯ ದಿನನಿತ್ಯದ ಚಟುವಟಿಕೆಯನ್ನೂ ವೈದ್ಯರು ಲೆಕ್ಕಕ್ಕೆ ಹಿಡಿಯುತ್ತಾರೆ. ದಿನಾ ಹೊಲಕ್ಕೆ ಹೋಗಿಬರುವ ನಿಮ್ಮ ತಂದೆಯವರಿಗೆ ಕೊನೆಯ ಅಂಶ ನಿಜಕ್ಕೂ ಅನುಕೂಲಕರ.

ಈ ವಯಸ್ಸಿನವರಿಗೆ ಸಾಮಾನ್ಯವಾಗಿ ಬೆಂಡಾಮಸ್ಟಿನ್ ಮತ್ತು ರಿಟುಕ್ಸಿಮ್ಯಾಬ್ ಔಷಧಗಳನ್ನು 28 ದಿನಗಳಿಗೊಮ್ಮೆಯಂತೆ ಆರು ಸುತ್ತು ಕೊಡುತ್ತಾರೆ. 2013ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನದಲ್ಲಿ, ಹೀಗೆ ಚಿಕಿತ್ಸೆ ಪಡೆದ ಮ್ಯಾಂಟಲ್ ಸೆಲ್ ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಸುಮಾರು 35 ತಿಂಗಳವರೆಗೆ ರೋಗ ಮರುಕಳಿಸಿರಲಿಲ್ಲ, ಉಲ್ಬಣಿಸಿಯೂ ಇರಲಿಲ್ಲ. ರಿಟುಕ್ಸಿಮ್ಯಾಬ್ ಜೊತೆ ಬೇರೆ ನಾಲ್ಕು ಔಷಧ ಕೊಡುವ ಹಳೆಯ ಆರ್-ಚಾಪ್ ಕ್ರಮದಲ್ಲಿ ಆ ಅವಧಿ 22 ತಿಂಗಳು. ಇದು ಮೊದಲ ಚಿಕಿತ್ಸೆಯ ಫಲ ಉಳಿಯುವ ಕಾಲ ಮಾತ್ರ. ಮರುಕಳಿಸಿದರೆ ಇಬ್ರುಟಿನಿಬ್‌ನಂಥ ಮಾತ್ರೆಗಳಿವೆ. ಬೇರುಸಹಿತ ಗುಣವಾಗುವುದು ಅಪರೂಪವೆಂಬುದನ್ನು ಮುಚ್ಚಿಡಲಾರೆ. ಆದರೆ ನಡುನಡುವೆ ಚಿಕಿತ್ಸೆ ಪಡೆಯುತ್ತ ಹಲವು ವರ್ಷ ದುಡಿದುಕೊಂಡಿರುವವರು ಇಂದು ವಿರಳವಲ್ಲ.

ರಿಟುಕ್ಸಿಮ್ಯಾಬ್ ಕೊಡುವ ಮುಂಚೆ ಹೆಪಟೈಟಿಸ್ ಬಿ ಪರೀಕ್ಷೆ ಕಡ್ಡಾಯವಾಗಿ ಆಗಬೇಕು. ಅಡಗಿರುವ ಸೋಂಕು ಈ ಔಷಧದಿಂದ ಮರುಕಳಿಸಿ ಯಕೃತ್ತನ್ನೇ ಕೆಡಿಸಬಲ್ಲದು. ನಿಮ್ಮದು ಬಿಪಿಎಲ್ ಕುಟುಂಬವಾಗಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಯಾವ ಔಷಧ ಅದರಲ್ಲಿ ಸೇರಿದೆ, ಯಾವುದು ಸೇರಿಲ್ಲ ಎಂಬುದನ್ನು ಮೊದಲ ಸುತ್ತಿಗೆ ಮುಂಚೆಯೇ ವಿಚಾರಿಸಿಕೊಳ್ಳಿ.

ಕಿಮೊಥೆರಪಿ ನಡೆದಿರುವಾಗ ಜ್ವರ 100.4 ಡಿಗ್ರಿ ಮುಟ್ಟಿದರೆ, ಮಾತ್ರೆ ನುಂಗಿಸಿ ಬೆಳಗಾಗಲಿ ಎಂದು ಕಾಯಬೇಡಿ. ರೋಣದಿಂದ ಹುಬ್ಬಳ್ಳಿ ದೂರ. ರಾತ್ರಿ ಅಂಥ ಸಂದರ್ಭ ಬಂದರೆ ಗದಗದಲ್ಲಿ ಎಲ್ಲಿ ದಾಖಲಿಸಬೇಕೆಂದು ನಿಮ್ಮ ವೈದ್ಯರಿಂದ ಈಗಲೇ ಬರೆಯಿಸಿಕೊಂಡು, ಆ ಚೀಟಿಯನ್ನು ಫೈಲಿನಲ್ಲಿಡಿ.