ಕರ್ಣನಿಗೆ ಕಟ್ಟಿದ ದುಡ್ಡು ಬೇರೆ, ಇದು ಬೇರೆ

ಓದುಗರ ಪತ್ರ: ನನಗೆ 25 ವರ್ಷ, ಊರು ಕುಣಿಗಲ್ ಹತ್ತಿರ. ಬಿಡದಿಯ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಊರಿನ ಕುರುಕ್ಷೇತ್ರ ನಾಟಕದಲ್ಲಿ ಕರ್ಣನ ಪಾತ್ರ ಮಾಡಿದ್ದೇನೆ. ಧಾರಾವಾಹಿಗಳಿಗೆ ಕಲಾವಿದರನ್ನು ಒದಗಿಸುವ ಬೆಂಗಳೂರಿನ ಕೋ-ಆರ್ಡಿನೇಟರ್ ಒಬ್ಬರು 40,000 ರೂಪಾಯಿ ಕೊಟ್ಟರೆ ಧಾರಾವಾಹಿಯಲ್ಲಿ ಒಳ್ಳೆಯ ಪಾತ್ರ ಗ್ಯಾರಂಟಿ ಎನ್ನುತ್ತಿದ್ದಾರೆ. ಇನ್ನೊಂದು ಕಡೆಯಿಂದ ದುಡ್ಡು ಕೇಳದೆ ಒಂದು ದಿನದ ಪೋಸ್ಟ್‌ಮ್ಯಾನ್ ಪಾತ್ರಕ್ಕೆ ಕರೆ ಬಂದಿದೆ. ಆ ಪಾತ್ರಕ್ಕೆ ಇರುವುದು ಎರಡೇ ಮಾತು. ಕರ್ಣನ ಪಾತ್ರಕ್ಕೂ ದುಡ್ಡು ಕಟ್ಟಿದ್ದೆನಲ್ಲ, ಇಲ್ಲಿ ಕಟ್ಟಿದರೆ ತಪ್ಪೇನು? ಕೆಲಸ ಬಿಟ್ಟು ಬರಲೇ?

ಸಂಪಾದಕರ ಉತ್ತರ: ನಿಮ್ಮ ಪ್ರಶ್ನೆಯನ್ನು ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವರು ಕೇಳುತ್ತಿರಲಿಲ್ಲ. ತುಮಕೂರು, ಮಂಡ್ಯ, ಹಾಸನದ ಕಡೆ ಪೌರಾಣಿಕ ನಾಟಕ ಕಂಡವರಿಗೆ ಮಾತ್ರ ಅದರ ನ್ಯಾಯ ಅರ್ಥವಾಗುತ್ತದೆ. ದುರ್ಯೋಧನನಿಗೆ ಇಷ್ಟು, ಕೃಷ್ಣನಿಗೆ ಇಷ್ಟು, ಸೈನಿಕನಿಗೆ ಇಷ್ಟು ಎಂದು ಪಾತ್ರಕ್ಕೆ ತಕ್ಕಂತೆ ದುಡ್ಡು ಕಟ್ಟುವುದು ಅಲ್ಲಿ ವಾಡಿಕೆ. ಆ ದುಡ್ಡು ಸೀನರಿಗೆ, ಲೈಟಿಗೆ, ಹಾರ್ಮೋನಿಯಂ ಮೇಷ್ಟ್ರಿಗೆ, ದ್ರೌಪದಿಯಾಗಿ ಬರುವ ಕಲಾವಿದೆಗೆ ಹೋಗುತ್ತದೆ. ಲೆಕ್ಕ ಊರಿನವರ ಕಣ್ಣೆದುರೇ ಇರುತ್ತದೆ. ಅಲ್ಲಿ ನಾಟಕ ಆಡಿಸುವವರೂ ನೀವೇ, ಆಡುವವರೂ ನೀವೇ. ಸಾಲ ಮಾಡಿ ಕಿರೀಟ ಇಟ್ಟುಕೊಂಡರೂ ಅದು ನಿಮ್ಮ ಖುಷಿ, ಯಾರೂ ಕೇಳುವಂತಿಲ್ಲ.

ಧಾರಾವಾಹಿಯ ಲೆಕ್ಕ ಹಾಗಲ್ಲ. ವಾಹಿನಿ ನಿರ್ಮಾಪಕರಿಗೆ ಕಂತಿನ ಲೆಕ್ಕದಲ್ಲಿ ಹಣ ಕೊಡುತ್ತದೆ. ನಿರ್ಮಾಪಕರು ಕಲಾವಿದರಿಗೆ ದಿನದ ಲೆಕ್ಕದಲ್ಲಿ ಕೊಡುತ್ತಾರೆ. ಕೋ-ಆರ್ಡಿನೇಟರ್‌ಗಳು ಕಮಿಷನ್ ಹಿಡಿಯುವುದುಂಟು, ಆದರೆ ಅದು ನೀವು ದುಡಿದ ಮೇಲೆ ಬಂದ ಹಣದಲ್ಲಿ. ದುಡಿಯುವ ಮುಂಚೆಯೇ ದುಡ್ಡು ಕೇಳುವವನಿಗೆ ನೀವು ಕಲಾವಿದರಲ್ಲ, ಗಿರಾಕಿ. ಅಷ್ಟಕ್ಕೂ ಪಾತ್ರಕ್ಕೆ ಯಾರು ಎಂದು ತೀರ್ಮಾನಿಸುವವರು ನಿರ್ದೇಶಕರು, ನಿರ್ಮಾಪಕರು, ವಾಹಿನಿಯವರು. ಅವರ ಪರವಾಗಿ ಗ್ಯಾರಂಟಿ ಕೊಡಲು ಈತ ಯಾರು? ಆ 40,000 ಬ್ಯಾಂಕಿನಲ್ಲೇ ಇರಲಿ.

ಪೋಸ್ಟ್‌ಮ್ಯಾನ್ ಪಾತ್ರವನ್ನು ಮಾತ್ರ ಬಿಡಬೇಡಿ. ಎರಡೇ ಮಾತು ಎಂದು ಬೇಸರದಿಂದ ಬರೆದಿದ್ದೀರಿ. ಆ ಎರಡು ಮಾತಿಗೇ ನಿಮ್ಮ ಬೆವರಿಳಿಯುತ್ತದೆ, ನೋಡುತ್ತಿರಿ. ಮೊದಲು ಬಾಗಿಲು, ಅಂಗಳ, ನೀವು, ಮನೆಯಾಕೆ ಎಲ್ಲ ಕಾಣುವಂತೆ ಮಾಸ್ಟರ್ ಶಾಟ್ ತೆಗೆಯುತ್ತಾರೆ. ಅದರಲ್ಲಿ ನೀವು ಚೀಲವನ್ನು ಎಡ ಹೆಗಲಿಗೆ ಹಾಕಿ, 'ಸೈನ್ ಮಾಡಿ ಅಮ್ಮ' ಎನ್ನುವಾಗ 'ಸೈನ್' ಎಂಬಲ್ಲಿ ಬಲಗೈಯಿಂದ ಕಾಗದ ಚಾಚಿದಿರಿ ಎನ್ನಿ. ಆಮೇಲೆ ಮುಖ ಹತ್ತಿರದಿಂದ ಕಾಣುವ ಕ್ಲೋಸ್ ಶಾಟ್: ಆಕೆಯ ಕ್ಲೋಸ್, ನಿಮ್ಮ ಕ್ಲೋಸ್. ಪ್ರತಿ ಸಲವೂ ಅದೇ ಹೆಗಲು, ಅದೇ ಕೈ, ಅದೇ ಅಕ್ಷರ. ತಪ್ಪಿದರೆ ಎಡಿಟಿಂಗ್‌ನಲ್ಲಿ ಎರಡು ತುಂಡು ಕೂಡುವುದಿಲ್ಲ; ಮೊದಲು ಕತ್ತರಿ ಬೀಳುವುದು ನಿಮ್ಮ ತುಂಡಿಗೆ. ನಿಮ್ಮ ಕ್ಲೋಸ್ ತೆಗೆಯುವಾಗ ಎದುರಿನ ಕಲಾವಿದೆ ಊಟಕ್ಕೆ ಹೋಗಿರಬಹುದು. ಆಗ ಕ್ಯಾಮೆರಾ ಪಕ್ಕದಲ್ಲಿ ಸಹಾಯಕ ನಿರ್ದೇಶಕ ತೋರಿಸುವ ಮುಷ್ಟಿಯನ್ನೇ ಅಮ್ಮ ಎಂದುಕೊಂಡು ಮಾತಾಡಬೇಕು.

ಇನ್ನು ಕಂಠ. ಬೆಳಗಿನ ಜಾವ ಕೊನೆಯ ಸಾಲಿನಲ್ಲಿ ತೂಕಡಿಸುತ್ತಿದ್ದವರನ್ನೂ ಎಬ್ಬಿಸಿದ ಕಂಠ ನಿಮ್ಮದಿರಬೇಕು. ಇಲ್ಲಿ ಮೈಕು ಅಂಗಿಯೊಳಗೇ ಇರುತ್ತದೆ, ಕೂಗಬೇಕಿಲ್ಲ. ಆದರೆ ದನಿ ತಗ್ಗಿಸುವ ಭರದಲ್ಲಿ ಮಾತಿನ ಜೀವವನ್ನೂ ತಗ್ಗಿಸಬೇಡಿ. ಹೊಸಬರು ಸಾಮಾನ್ಯವಾಗಿ ಎಡವುವುದು ಅಲ್ಲೇ. ಪದ್ಯಕ್ಕೆ ತಾಲೀಮು ಮಾಡಿದ ಉಸಿರು ಎಲ್ಲಿಯೂ ವ್ಯರ್ಥವಾಗದು. ನಿಮ್ಮ ಕಡೆಯ ಕನ್ನಡವನ್ನು ಮುಚ್ಚಿಟ್ಟು ಟೀವಿ ಕನ್ನಡ ನಕಲು ಮಾಡಲೂ ಹೋಗಬೇಡಿ.

ಕೆಲಸ ಈಗಲೇ ಬಿಡಬೇಡಿ. ದಿನಗೂಲಿಯ ಪಾತ್ರಗಳು ತಿಂಗಳಿಗೆ ಎಷ್ಟು ಬರುತ್ತವೆಂದು ಹೇಳುವಂತಿಲ್ಲ, ಬಂದದ್ದರ ಪೇಮೆಂಟ್ ಕೈಸೇರುವುದೂ ತಡ. ಶಿಫ್ಟ್ ಕೆಲಸವಾದ್ದರಿಂದ ಬಿಡುವಿನ ಹೊತ್ತಿನಲ್ಲಿ ಬೆಂಗಳೂರಿನ ಹವ್ಯಾಸಿ ನಾಟಕ ತಂಡವೊಂದನ್ನು ಸೇರಿಕೊಳ್ಳಿ. ಪರದೆ ಎಳೆಯುವ ಕೆಲಸ ಕೊಟ್ಟರೂ ಸರಿ. ಯಶ್ ಅವರು 2008ರಲ್ಲಿ 'ಮೊಗ್ಗಿನ ಮನಸು' ಚಿತ್ರಕ್ಕೆ ಬರುವ ಮುಂಚೆ ಬೆನಕ ನಾಟಕ ತಂಡದಲ್ಲಿ ತೆರೆಯ ಹಿಂದೆ ದುಡಿದವರು, ಆಮೇಲೆ ಧಾರಾವಾಹಿ ಮಾಡಿದವರು. ಕೆಲಸ ಬಿಡುವುದೇ ಆದರೆ ಕಲಿಯಲು ಬಿಡಿ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ನೀನಾಸಂ 1980ರಿಂದ ರಂಗಶಿಕ್ಷಣ ಕೊಡುತ್ತಿದೆ. ನಟ ಅಚ್ಯುತ್ ಕುಮಾರ್ ಅಲ್ಲಿ ಪಳಗಿದವರೇ.

ಆಡಿಷನ್ ವಿಡಿಯೊ ಕೇಳಿದರೆ ಸ್ಟುಡಿಯೋದಲ್ಲಿ ತೆಗೆಸುವ ದುಬಾರಿ ಫೋಟೊಗಳ ಪೋರ್ಟ್‌ಫೋಲಿಯೋ ಯಾಕೆ? ಫೋನನ್ನು ಅಡ್ಡ ಹಿಡಿಸಿ, ಕಿಟಕಿಯ ಬೆಳಕಿಗೆ ಮುಖ ಮಾಡಿ, ಖಾಲಿ ಗೋಡೆಯ ಮುಂದೆ ನಿಂತು ಹೆಸರು, ವಯಸ್ಸು, ಎತ್ತರ ಹೇಳಿ. ಎಡಕ್ಕೂ ಬಲಕ್ಕೂ ತಿರುಗಿ. ಸಣ್ಣದೊಂದು ಸನ್ನಿವೇಶ ಮಾಡಿ ಕಳಿಸಿ. ಫ್ಯಾನ್ ಆರಿಸುವುದನ್ನು ಮರೆಯಬೇಡಿ.

ಪೋಸ್ಟ್‌ಮ್ಯಾನ್ ಪಾತ್ರಕ್ಕೆ ಒಪ್ಪುವ ಮುಂಚೆ ಫೋನಿನಲ್ಲೇ ಕೇಳಿಕೊಳ್ಳಿ: ದಿನಕ್ಕೆ ಎಷ್ಟು, ಯಾವಾಗ ಕೊಡುತ್ತೀರಿ, ಬಸ್ ಚಾರ್ಜು ಬೇರೆಯೇ, ಖಾಕಿ ನಿಮ್ಮದೋ ನನ್ನದೋ. ಇವನ್ನು ಕೇಳಿದ್ದಕ್ಕೆ ಯಾರೂ ಪಾತ್ರ ಕಿತ್ತುಕೊಳ್ಳುವುದಿಲ್ಲ. ಒಪ್ಪಿದ್ದನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಖಾಕಿ ಅವರೇ ಕೊಟ್ಟರೂ ಚಪ್ಪಲಿ ನಿಮ್ಮದೇ ಒಯ್ಯಿರಿ, ಸವೆದದ್ದಿದ್ದರೆ ಇನ್ನೂ ಒಳ್ಳೆಯದು.